ಫುಟ್‌ಬಾಲ್ ಗೊತ್ತಿಲ್ಲದವರು ಸ್ಟೇಡಿಯಂಗೆ ಹೋದರೆ ಮಜಾ ಬರುತ್ತಾ?

ಖಂಡಿತ ಬರುತ್ತೆ, ಹೋಗಿ. ಒಂದೋ ಎರಡೋ ಗೋಲಿಗೆ 90 ನಿಮಿಷ ಕಾಯುವ ಆಟಕ್ಕೆ ಇಡೀ ಜಗತ್ತು ಯಾಕೆ ಹುಚ್ಚಾಗಿದೆ ಅಂತ ಕೇಳಿದ್ದೀರಲ್ಲ, ನನಗೆ ಅದಕ್ಕೆ ಉತ್ತರ ಸಿಕ್ಕಿದ್ದು ಒಂದೂ ಗೋಲು ಬೀಳದ ಮ್ಯಾಚಿನಲ್ಲಿ.

ನಾನು ಕೆಲಸದಲ್ಲಿರುವುದು ಕತಾರ್‌ನ ದೋಹಾದಲ್ಲಿ. ಕ್ರಿಕೆಟ್ ನೋಡಿಕೊಂಡು ಬೆಳೆದವನು, ಫುಟ್‌ಬಾಲ್ ಅಂದ್ರೆ ನಾಲ್ಕು ವರ್ಷಕ್ಕೊಮ್ಮೆ ಟಿವಿಯಲ್ಲಿ ಫೈನಲ್, ಅಷ್ಟೇ. 2022ರಲ್ಲಿ ವಿಶ್ವಕಪ್ ಇಲ್ಲೇ ನಡೆಯಿತು. ಆಫೀಸಿನ ಕೇರಳದ ಗೆಳೆಯರೊಬ್ಬರಿಗೆ ಅವತ್ತೇ ಡ್ಯೂಟಿ ಬಿದ್ದು ಅವರ ಟಿಕೆಟ್ ನನ್ನ ಪಾಲಿಗೆ ಬಂತು. (ಆ ವರ್ಷ ಕೋಯಿಕ್ಕೋಡ್ ಹತ್ತಿರ ಹೊಳೆಯ ನಡುವೆ ಮೆಸ್ಸಿ, ನೇಮಾರ್ ಕಟೌಟ್ ನಿಲ್ಲಿಸಿದ ಜನ ಅವರು. ಟಿಕೆಟ್ ಬಿಟ್ಟುಕೊಡುವಾಗ ಎಷ್ಟು ಸಂಕಟ ಆಗಿರಬೇಡ!) ಡಿಸೆಂಬರ್ 6, ಎಜುಕೇಶನ್ ಸಿಟಿ ಸ್ಟೇಡಿಯಂ, ಪ್ರಿ ಕ್ವಾರ್ಟರ್ ಫೈನಲ್, ಮೊರಾಕ್ಕೊ ಮತ್ತು ಸ್ಪೇನ್.

ಟಿವಿಯಲ್ಲಿ ಸಿಗದೇ ಇರುವುದು ಆ ಸದ್ದು. ಸ್ಪೇನ್‌ನವರ ಕಾಲಿಗೆ ಚೆಂಡು ಸಿಕ್ಕ ತಕ್ಷಣ ಸುತ್ತಲಿನ ಸಾವಿರಾರು ಜನ ಶಿಳ್ಳೆ ಹೊಡೆಯಲು ಶುರು ಮಾಡುತ್ತಾರೆ, ಬಿಡುವುದೇ ಇಲ್ಲ, ಕಿವಿ ಗುಂಯ್ ಅನ್ನುತ್ತೆ. ಮೊರಾಕ್ಕೊದವರು ಚೆಂಡು ಕಸಿದುಕೊಂಡರೆ ಶಿಳ್ಳೆ ತಟ್ಟನೆ ನಿಂತು ಕೂಗು ಏಳುತ್ತೆ. ಕಣ್ಣು ಮುಚ್ಚಿಕೊಂಡು ಕೂತರೂ ಚೆಂಡು ಯಾರ ಹತ್ತಿರ ಇದೆ ಅಂತ ಹೇಳಬಹುದಿತ್ತು. ಇನ್ನೊಂದು ವಿಷಯ, ಟಿವಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತೆ, ಆದ್ರೆ ಮೇಲಿನ ಸಾಲಿನಲ್ಲಿ ಕೂತರೆ ಗೋಲ್‌ಕೀಪರ್ ಬಿಟ್ಟು ಮೊರಾಕ್ಕೊದ ಹತ್ತೂ ಜನ ಚೆಂಡು ಎಡಕ್ಕೆ ಹೋದರೆ ಒಟ್ಟಿಗೆ ಎಡಕ್ಕೆ, ಬಲಕ್ಕೆ ಹೋದರೆ ಒಟ್ಟಿಗೆ ಬಲಕ್ಕೆ ಸರಿಯುವುದು ಕಾಣುತ್ತೆ. ಸ್ಪೇನ್ ಸಾವಿರದಷ್ಟು ಪಾಸ್ ಮಾಡಿತು. ಆದರೂ ಗೋಲಿನ ಹತ್ತಿರ ದಾರಿ ಸಿಗಲಿಲ್ಲ.

ನನಗೆ ವಿಷಯ ಅರ್ಥವಾಗಿದ್ದು ಅಲ್ಲೇ. ಸ್ಪೇನ್ 2010ರ ಚಾಂಪಿಯನ್. ಮೊರಾಕ್ಕೊ ಅಲ್ಲಿಯವರೆಗೆ ಒಂದು ಸಲವೂ ಕ್ವಾರ್ಟರ್ ಫೈನಲ್ ಮುಟ್ಟಿರಲಿಲ್ಲ. ಆದ್ರೆ ಗೋಲು ಬೀಳದಷ್ಟು ಹೊತ್ತು ಇಬ್ಬರೂ ಸಮ ತಾನೇ? ಗೋಲು ಅಪರೂಪ ಆಗಿರುವುದಕ್ಕೇ ಸಣ್ಣ ತಂಡಕ್ಕೆ ಕೊನೆಯ ನಿಮಿಷದವರೆಗೂ ಆಸೆ ಇರುತ್ತೆ. ನನ್ನ ಹಿಂದಿನ ಸಾಲಿನಲ್ಲಿ ಈಜಿಪ್ಟ್‌ನವರು, ಸುಡಾನ್‌ನವರು, ಆಚೆ ಒಂದಷ್ಟು ಜನ ನೇಪಾಳಿ ಹುಡುಗರು. ಇವರಲ್ಲಿ ಯಾರ ದೇಶವೂ ಆ ವಿಶ್ವಕಪ್‌ನಲ್ಲಿ ಇರಲಿಲ್ಲ. ಎಲ್ಲರೂ ಮೊರಾಕ್ಕೊ ಪರ ಗಂಟಲು ಹರಿದುಕೊಳ್ಳುತ್ತಿದ್ದರು, ಸ್ವಲ್ಪ ಹೊತ್ತಿಗೆ ನಾನೂ.

90 ನಿಮಿಷದ ಮೇಲೆ ಹೆಚ್ಚುವರಿ ಅರ್ಧ ಗಂಟೆ ಸೇರಿ 120 ನಿಮಿಷ ಆದರೂ 0–0. ಪೆನಾಲ್ಟಿ ಶೂಟೌಟ್ (ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಒದೆಯುವುದು) ಶುರುವಾದಾಗ ನನ್ನ ಪಕ್ಕದಲ್ಲಿದ್ದ ಮೊರಾಕ್ಕೊದ ಹಿರಿಯರೊಬ್ಬರು ನೋಡಕ್ಕಾಗದೆ ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತುಬಿಟ್ಟರು. ಅವರ ಭಾಷೆ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ. ಪ್ರತಿ ಕಿಕ್ ಆದಮೇಲೆ ನನ್ನ ಮುಖ ನೋಡುವುದು, ನಾನು ಕೈಯಲ್ಲೇ ಹೇಳುವುದು. ಸ್ಪೇನ್‌ನ ಸರಾಬಿಯಾ ಕಂಬಕ್ಕೆ ಹೊಡೆದ. ಸೋಲೆರ್ ಹೊಡೆದದ್ದನ್ನು ಮೊರಾಕ್ಕೊದ ಗೋಲ್‌ಕೀಪರ್ ಬೋನೊ ತಡೆದ, ಬುಸ್ಕೆಟ್ಸ್‌ದೂ ತಡೆದ. ಕೊನೆಗೆ ಬಂದವನು ಮೊರಾಕ್ಕೊದ ಹಕೀಮಿ. ಅವನು ಹುಟ್ಟಿದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲೇ! ಜೋರಾಗಿ ಒದೆಯಲೂ ಇಲ್ಲ, ಮೆಲ್ಲಗೆ ನಟ್ಟನಡುವೆ ಚಿಮ್ಮಿಸಿದ. ಶೂಟೌಟ್‌ನಲ್ಲಿ ಮೊರಾಕ್ಕೊಗೆ 3–0. ನಾನು ಎರಡೂ ಕೈ ಮೇಲೆತ್ತಿದೆ, ಆ ಹಿರಿಯರು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಮುಂದಿನ ಮ್ಯಾಚಲ್ಲಿ ಪೋರ್ಚುಗಲ್‌ನೂ ಸೋಲಿಸಿ, ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಆಯಿತು ಮೊರಾಕ್ಕೊ.

ನೀವು ಬೆಂಗಳೂರಲ್ಲಿದ್ದರೆ ಇದಕ್ಕಾಗಿ ವಿಮಾನ ಹತ್ತಬೇಕಾಗಿಲ್ಲ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದಾಗ ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನವರು ಹಾಡಿಕೊಂಡು ನಿಲ್ಲುವ ಕಡೆಯೇ ಟಿಕೆಟ್ ತಗೊಳ್ಳಿ. ಒಳಗೆ ಹೋಗುವ ಮುಂಚೆ ಒಂದು ತಂಡ ನಮ್ಮದು ಅಂತ ಅಂದುಕೊಂಡುಬಿಡಿ, ಸುಮ್ನೆ ಎರಡೂ ಕಡೆ ನೋಡಿಕೊಂಡು ಕೂತರೆ ಅರ್ಧ ರುಚಿ ಹೋಗುತ್ತೆ. ಆಫ್‌ಸೈಡ್ ಅನ್ನುವ ನಿಯಮ ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.