ಫೈಲ್ ಇದೆ ಎಂಬುದೇ ತಿಳಿಯದ ಹಾಗೆ

ಓದುಗರ ಪತ್ರ: ನಾನು ಜಿಲ್ಲಾ ವರದಿಗಾರ. ಸುದ್ದಿ ಕೊಟ್ಟವರ ಹೆಸರುಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ. ಪಾಸ್‌ವರ್ಡ್ ಹಾಕಿಟ್ಟರೆ ಅಲ್ಲೇನೋ ಇದೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಫೈಲ್ ಇರುವುದೇ ತಿಳಿಯದಂತೆ ಮಾಡಬಹುದೇ?

ಸಂಪಾದಕರ ಉತ್ತರ: ಒಂದು ಮಟ್ಟಿಗೆ ಮಾಡಬಹುದು. ಆದರೆ ವಿಂಡೋಸಿನಲ್ಲಿ 'ಹಿಡನ್' ಅಂತ ಟಿಕ್ ಹಾಕುವುದನ್ನು ನಂಬಬೇಡಿ. ಒಂದು ಸೆಟ್ಟಿಂಗ್ ಬದಲಿಸಿದರೆ ಅಂಥ ಫೈಲು ಯಾರಿಗಾದರೂ ಕಾಣುತ್ತದೆ.

ನಿಜವಾಗಿ ಅಡಗಿಸುವ ಬಗೆಯನ್ನು 1998ರಲ್ಲಿ ರಾಸ್ ಆಂಡರ್ಸನ್, ರೋಜರ್ ನೀಡಮ್ ಮತ್ತು ಆದಿ ಶಮೀರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಒಂದು ಪ್ರಬಂಧದಲ್ಲಿ ವಿವರಿಸಿದ್ದರು. ಇವತ್ತು ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ ಇದೇ ಬಗೆಯ 'ಹಿಡನ್ ವಾಲ್ಯೂಮ್', ಅಂದರೆ ಫೈಲುಗಳನ್ನಿಡುವ ಗುಪ್ತ ಪೆಟ್ಟಿಗೆ ಇದೆ. ಮೊದಲು ಒಂದು ಎನ್‌ಕ್ರಿಪ್ಟ್ ಆದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಬದಲಿಸಿದ ವಾಲ್ಯೂಮ್ ಮಾಡುತ್ತೀರಿ. ಅದರ ಖಾಲಿ ಜಾಗವನ್ನೆಲ್ಲ ತಂತ್ರಾಂಶವು ಅರ್ಥವಿಲ್ಲದ ಅಂಕಿಗಳಿಂದ ತುಂಬುತ್ತದೆ. ಎನ್‌ಕ್ರಿಪ್ಟ್ ಆದ ಮಾಹಿತಿಯೂ ನೋಡಲು ಹಾಗೇ ಇರುತ್ತದೆ. ಹಾಗಾಗಿ ಆ ಖಾಲಿ ಜಾಗದೊಳಗೆ ಇನ್ನೊಂದು ವಾಲ್ಯೂಮ್ ಕೂರಿಸಿದರೆ ಅದಕ್ಕೂ ಖಾಲಿ ಜಾಗಕ್ಕೂ ವ್ಯತ್ಯಾಸ ಕಾಣದು. ಒಂದು ಪಾಸ್‌ವರ್ಡ್ ಕೊಟ್ಟರೆ ಹೊರಗಿನದು ತೆರೆಯುತ್ತದೆ, ಇನ್ನೊಂದು ಕೊಟ್ಟರೆ ಒಳಗಿನದು. ಎಚ್ಚರ ತಪ್ಪಿ ಹೊರಗಿನದರಲ್ಲಿ ಜಾಸ್ತಿ ಫೈಲು ತುಂಬಿದರೆ ಒಳಗಿನದು ಅಳಿಸಿಹೋಗುತ್ತದೆ. ಅದನ್ನು ತಡೆಯುವ ಆಯ್ಕೆಯೂ ಇದೆ, ಬಳಸಲೇಬೇಕು.

ಆದರೆ ನಿಮ್ಮ ಗುಟ್ಟನ್ನು ಬಿಟ್ಟುಕೊಡುವುದು ಸುತ್ತಲಿನ ಕಂಪ್ಯೂಟರ್. 2008ರಲ್ಲಿ ವೆರಾಕ್ರಿಪ್ಟ್‌ನ ಪೂರ್ವಜ ಟ್ರೂಕ್ರಿಪ್ಟ್ ಅನ್ನು ವಿಂಡೋಸ್ ವಿಸ್ಟಾದಲ್ಲಿ ಪರೀಕ್ಷಿಸಿದ ಸಂಶೋಧಕರು ಇದನ್ನೇ ತೋರಿಸಿದರು. ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯಲ್ಲಿ ಅಡಗಿಸಿದ್ದರ ಸುಳಿವು ಉಳಿದಿತ್ತು. ವರ್ಡ್ ತಾನಾಗಿಯೇ ಉಳಿಸಿಕೊಂಡ ಪ್ರತಿ ಕೂಡ ಹೊರಗೇ ಬಿದ್ದಿತ್ತು. ನಿಮ್ಮ ಡಿಸ್ಕಿನ ನಕಲನ್ನು ಯಾರಾದರೂ ಎರಡು ಸಲ ತೆಗೆದು ಹೋಲಿಸಿದರೂ ಕಷ್ಟ. 'ಖಾಲಿ' ಜಾಗ ಏಕೆ ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಡಿಸ್ಕಿನಲ್ಲಂತೂ ಹಳೆಯ ಬರಹದ ಗುರುತುಗಳು ನಮ್ಮ ಕೈಗೆ ಸಿಗದ ಕಡೆ ಉಳಿಯಬಹುದು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ಅಡಗಿಸಿದ್ದು ಇಲ್ಲವೆಂದು ತೋರಿಸುವ ದಾರಿ ಯಾರಿಗೂ ಇಲ್ಲ. ಏನೂ ಅಡಗಿಸದವರು ಕೂಡ "ಇನ್ನೊಂದು ಪಾಸ್‌ವರ್ಡ್ ಕೊಡು" ಎಂದು ಪೀಡಿಸುವವರನ್ನು ನಂಬಿಸಲಾರರು. ಅದೂ ಅಲ್ಲದೆ, ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ ಇದೆ. ಸರ್ಕಾರದ ಅಧಿಕೃತ ಆದೇಶ ಬಂದಾಗ ಎನ್‌ಕ್ರಿಪ್ಟ್ ಆದದ್ದನ್ನು ಬಿಡಿಸಲು ನೆರವಾಗದವರಿಗೆ 7 ವರ್ಷದವರೆಗೆ ಜೈಲು ಎನ್ನುತ್ತದೆ ಅದು. ಇದರ ಬಗ್ಗೆ ನಿಮ್ಮ ಪತ್ರಿಕೆಯ ವಕೀಲರ ಹತ್ತಿರ ಮೊದಲೇ ಮಾತಾಡಿ.

ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಉದ್ದನೆಯ ಪಾಸ್‌ವರ್ಡ್ ಇಡಿ. ಕಳ್ಳತನವಾದರೆ ಅಷ್ಟು ಸಾಕು. ಇನ್ನು ಆ ಹೆಸರುಗಳ ಮಾತು. ಅವು ಲ್ಯಾಪ್‌ಟಾಪಿನಲ್ಲಿ ಇರಲೇಬೇಕಾ? ವರದಿ ಅಚ್ಚಾದ ಮೇಲೂ ಬೇಕಾ? ಬೇಡದವನ್ನು ಇವತ್ತೇ ಅಳಿಸಿ, ಬ್ಯಾಕಪ್‌ನಿಂದಲೂ ತೆಗೆಯಿರಿ. ಮುಂದೆ ಯಾರಾದರೂ ಸುದ್ದಿ ಕೊಡಲು ಬಂದರೆ ಅವರ ಹೆಸರು ಟೈಪ್ ಮಾಡಲೇಬೇಡಿ.