ಪ್ರತಿಕ್ರಿಯೆ: ಪುಣೆಯ ಮೇ ತಿಂಗಳ ಗುಡುಗುಮೋಡ ಎಷ್ಟು ಮೇಲೆ ಹೋಗುತ್ತೆ?

ಪುಣೆಯ ಮೇ ಸಂಜೆಯ ಗುಡುಗುಮೋಡ ಸ್ಟ್ರಾಟೋಸ್ಫಿಯರ್ (ಮಳೆಮೋಡಗಳಿರುವ ವಾಯುಪದರದ ಮೇಲಿನ ಪದರ) ಮುಟ್ಟುತ್ತಾ, ಜುಲೈಯಲ್ಲಿ ದಿನವಿಡೀ ಸುರಿದರೂ ಗುಡುಗು ಯಾಕಿಲ್ಲ ಅಂತ ಕೇಳಿದ್ದೀರಿ.

ಮುಟ್ಟಬಲ್ಲದು, ಆದರೆ ಅಪರೂಪಕ್ಕೆ. ನಮ್ಮ ಕಡೆ ಆ ಪದರ ಶುರುವಾಗುವ ಗಡಿ ಸುಮಾರು 16–17 ಕಿ.ಮೀ. ಮೇಲಿದೆ. ಕಾದ ನೆಲದಿಂದ ಎದ್ದ ತೇವದ ಗಾಳಿಯಲ್ಲಿ ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತೆ; ಅದರಿಂದ ಆ ಗಾಳಿ ಸುತ್ತಲಿನದಕ್ಕಿಂತ ಬೆಚ್ಚಗಿದ್ದು ಏರುತ್ತಲೇ ಇರುತ್ತೆ. 5 ಕಿ.ಮೀ. ದಾಟಿ ಹನಿ ಹೆಪ್ಪುಗಟ್ಟತೊಡಗಿದರೆ ಇನ್ನಷ್ಟು ಶಾಖ. ಹೆಚ್ಚಿನ ಮೋಡಗಳು ಸೋಲುವುದು ದಾರಿಯಲ್ಲೇ: ಪಕ್ಕದ ಒಣಗಾಳಿ ಒಳನುಗ್ಗಿ ಹನಿಗಳನ್ನು ಆರಿಸಿ ತಂಪು ಮಾಡಿಬಿಡುತ್ತೆ. ಅಗಲವಾದ ಮೋಡದ ನಡುಭಾಗಕ್ಕೆ ಆ ಗಾಳಿ ಅಷ್ಟಾಗಿ ತಲುಪಲ್ಲ, ಹಾಗಾಗಿ ಗಡಿವರೆಗೂ ಹೋಗುವುದು ಅಂಥದ್ದೇ. ಗಡಿಯಾಚೆ ಮೇಲೆ ಹೋದಷ್ಟೂ ಬಿಸಿ ಹೆಚ್ಚು, ಆದ್ದರಿಂದ ಮೋಡ ಚಪ್ಪಟೆಯಾಗಿ ಹರಡುತ್ತೆ. ತುಂಬ ರಭಸವಿದ್ದರೆ ಮಾತ್ರ ನೆತ್ತಿ ಗುಮ್ಮಟದಂತೆ ಒಂದೆರಡು ಕಿ.ಮೀ. ಉಬ್ಬಿ, ಕೆಲವೇ ನಿಮಿಷದಲ್ಲಿ ಕುಸಿಯುತ್ತೆ. ಅಲ್ಲಿ ಉಳಿದ ಹಿಮದ ಹರಳು ಆವಿಯಾಗಿ ಸ್ಟ್ರಾಟೋಸ್ಫಿಯರಿಗೆ ತೇವ ಸೇರಿಸುತ್ತೆ.

ಜುಲೈ ಮೋಡದಲ್ಲಿ ಮೇಲ್ಮುಖ ಗಾಳಿ ಸಾಮಾನ್ಯವಾಗಿ ಮಂದ; ವಿದ್ಯುತ್ ಹುಟ್ಟಿಸುವಷ್ಟು ಹಿಮದ ಕಣಗಳ ಡಿಕ್ಕಿ ನಡೆಯಲ್ಲ.

ನೀವೇ ನೋಡಬೇಕಿದ್ದರೆ ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹದ ಇನ್ಫ್ರಾರೆಡ್ (ತಾಪ ತೋರಿಸುವ) ಚಿತ್ರ ತೆಗೆಯಿರಿ. ಮೋಡದ ನೆತ್ತಿ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಅದು ಗಡಿಯ ಹತ್ತಿರ ಬಂದಿದೆ. ಮೈನಸ್ 50 ಇದ್ದರೆ ಇನ್ನೂ ಬಹಳ ಕೆಳಗಿದೆ.