ಒಂದೇ ಮಾತ್ರೆ, ಒಂದ್ಕಡೆ ಬ್ರೇಕು ಇನ್ನೊಂದ್ಕಡೆ ಆಕ್ಸಿಲರೇಟರ್ರಾ?

ಪ್ರಶ್ನೆ: ನಮ್ಮ ಚಿಕ್ಕಮ್ಮಂಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಈಗ ದಿನಾ 20 ಮಿಲಿಗ್ರಾಂ ಟಮಾಕ್ಸಿಫೆನ್ ತಗೋತಿದಾರೆ. ಇದು ಈಸ್ಟ್ರೋಜನ್ ತಡೆಯೋ ಮಾತ್ರೆ ಅಂದ್ರು ಡಾಕ್ಟ್ರು, ಆದ್ರೆ ಗರ್ಭಕೋಶದಲ್ಲಿ ಇದೇ ಈಸ್ಟ್ರೋಜನ್ ಥರ ಕೆಲಸ ಮಾಡಬಹುದು, ಬ್ಲೀಡಿಂಗ್ ಆದ್ರೆ ಬನ್ನಿ ಅಂತಾನೂ ಅಂದ್ರು. ಇದೆಂಥಾ ಲೆಕ್ಕ?

ಉತ್ತರ: ಡಾಕ್ಟ್ರು ಹೇಳಿದ್ದು ಎರಡೂ ನಿಜಾನೇ. ಈ ಮಾತ್ರೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ತಯಾರಾಗೋದನ್ನ ನಿಲ್ಲಿಸಲ್ಲ, ಅದು ಕೂರೋ ಜಾಗದಲ್ಲಿ ತಾನು ಹೋಗಿ ಕೂರುತ್ತೆ ಅಷ್ಟೇ. ಆ ಜಾಗ ಇರೋದು ರಿಸೆಪ್ಟರ್ ಅನ್ನೋ ಪ್ರೋಟೀನಲ್ಲಿ, 595 ಅಮೈನೋ ಆಸಿಡ್ ಪೋಣಿಸಿದ ಸರ ಅದು. ಅದರ ನಡುಭಾಗದಲ್ಲಿ ಜಿಂಕ್ ಹಿಡ್ಕೊಂಡಿರೋ ಎರಡು ಬೆರಳಿನಂಥವು ಡಿಎನ್‌ಎ ಮೇಲೆ ತಮಗೆ ಬೇಕಾದ ಅಕ್ಷರ ಹುಡುಕಿ ಹಿಡ್ಕೊಳ್ತವೆ, ಆದ್ರೆ ಹಿಡ್ಕೊಂಡ ಮಾತ್ರಕ್ಕೆ ಜೀನ್ ಆನ್ ಆಗಲ್ಲ, ಕೋಆಕ್ಟಿವೇಟರ್ ಅನ್ನೋ ಸಹಾಯಕ ಪ್ರೋಟೀನುಗಳು ಬಂದು ಅಂಟ್ಕೋಬೇಕು.

ಮಜಾ ಇರೋದು ಹಾರ್ಮೋನ್ ಕೂರೋ ಭಾಗದಲ್ಲಿ. ಅಲ್ಲಿ 12 ಸುರುಳಿಗಳಿವೆ, ಹನ್ನೆರಡನೇದು ಮುಚ್ಚಳ. ಈಸ್ಟ್ರೋಜನ್ ಒಳಗೆ ಹೋದ್ರೆ ಮುಚ್ಚಳ ನೀಟಾಗಿ ಕೂತು, ಅದರ ಪಕ್ಕದಲ್ಲೇ ಸಹಾಯಕರು ಅಂಟ್ಕೊಳ್ಳೋಕೆ ಒಂದು ಸಣ್ಣ ತಗ್ಗು ರೆಡಿಯಾಗುತ್ತೆ. ಟಮಾಕ್ಸಿಫೆನ್‌ಗೆ ಒಂದು ಉದ್ದ ಬಾಲ ಇದೆ ನೋಡಿ, ಅದು ಹೊರಗೆ ಚಾಚ್ಕೊಳ್ಳುತ್ತೆ. ಉಪ್ಪಿನಕಾಯಿ ಜಾಡಿಯೊಳಗೆ ಉದ್ದ ಚಮಚ ಬಿಟ್ಟು ಮುಚ್ಚಳ ಹಾಕೋಕೆ ಹೋದ್ರೆ ಏನಾಗುತ್ತೆ, ಕೂರಲ್ಲ ತಾನೇ? ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಜಾರಿದ ಮುಚ್ಚಳ ಹೋಗಿ ಸಹಾಯಕರ ಆ ತಗ್ಗಿನಲ್ಲೇ ಬಿದ್ಕೊಳ್ಳುತ್ತೆ. 1998ರಲ್ಲಿ ಇದನ್ನ ಹರಳು ಮಾಡಿ ಎಕ್ಸ್-ರೇ ಹಾಯಿಸಿ ನೋಡಿದಾಗ ಕಂಡಿದ್ದೇ ಹೀಗೆ. ಸ್ತನದ ಜೀವಕೋಶದಲ್ಲಿ ಸಹಾಯಕರ ಬದಲು ಜೀನನ್ನ ಅದುಮಿ ಹಿಡಿಯೋ ಪ್ರೋಟೀನುಗಳು ಬಂದು ಕೂರ್ತವೆ, ಬೆಳವಣಿಗೆ ತಣ್ಣಗಾಗುತ್ತೆ.

ಹಾಗಾದ್ರೆ ಗರ್ಭಕೋಶದಲ್ಲಿ? ರಿಸೆಪ್ಟರಿನ ಇನ್ನೊಂದು ತುದೀಗೂ ಸಹಾಯಕರನ್ನ ಕರೆಯೋ ತಾಕತ್ತಿದೆ, ಅದಕ್ಕೆ ಈ ಮುಚ್ಚಳದ ಹಂಗಿಲ್ಲ. ಗರ್ಭಕೋಶದ ಒಳಪದರದ ಜೀವಕೋಶಗಳಲ್ಲಿ ಎಸ್‌ಆರ್‌ಸಿ-1 ಅನ್ನೋ ಸಹಾಯಕ ಧಾರಾಳವಾಗಿರೋದ್ರಿಂದ ಮುಚ್ಚಳ ಕೆಟ್ಟಿದ್ರೂ ಕೆಲವು ಜೀನ್‌ಗಳು ಆನ್ ಆಗ್ತವೆ, ಪದರ ದಪ್ಪ ಆಗಬಹುದು. ಮುಟ್ಟು ನಿಂತೋರ ಮೂಳೆಗೂ ಇದು ಈಸ್ಟ್ರೋಜನ್ ಥರಾನೇ, ಅಲ್ಲಿ ಮಾತ್ರ ಅದು ಲಾಭವೇ.

ಚಿಕ್ಕಮ್ಮಂಗೆ ಮುಟ್ಟು ನಿಂತಿದ್ರೆ ಒಂಚೂರು ರಕ್ತ ಕಂಡ್ರೂ ಮುಂದಿನ ಚೆಕಪ್‌ವರೆಗೆ ಕಾಯೋದು ಬೇಡ, ಹಾಗಂತ ಇದನ್ನೋದಿ ಹೆದರಿ ಅವರೇ ಮಾತ್ರೆ ನಿಲ್ಲಿಸೋದೂ ಬೇಡ, ಡಾಕ್ಟ್ರನ್ನ ಕೇಳಿ.